ಮಗು ಜೋರಾಗಿ "ಅವ್ರ ಕೈ ಯಾಕೆ ಹಂಗಿದೆ?" ಅಂತ ಕೇಳಿದಾಗ ಏನು ಹೇಳೋದು

ನಂಗೆ ತೊನ್ನು ಇದೆ. ಎರಡೂ ಕೈ, ಬಲಗಣ್ಣಿನ ಸುತ್ತ, ಕುತ್ತಿಗೆ ಹತ್ರ ಸ್ವಲ್ಪ. 22ನೇ ವಯಸ್ಸಲ್ಲಿ ಶುರುವಾಗಿದ್ದು, ಈಗ ನಂಗೆ 41. ಸರ್ಕಾರಿ ಶಾಲೇಲಿ ನಲಿ-ಕಲಿ ಟೀಚರ್ ನಾನು, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆ ದಿನಾ ನೆಲದ ಮೇಲೆ ಕೂತು ಮಾಡೋ ಕೆಲಸ, ಹಂಗಾಗಿ ಪ್ರತಿ ಜೂನಲ್ಲೂ ಹೊಸ ಮಕ್ಕಳು ಬಂದ ಮೊದಲನೇ ವಾರದಲ್ಲೇ ಯಾರಾದ್ರೂ ಒಬ್ರು ನನ್ನ ಕೈ ಹಿಡ್ಕೊಂಡು "ಮಿಸ್, ಸುಣ್ಣ ಮೆತ್ಕೊಂಡಿದೆ" ಅಂತ ಉಜ್ಜೋಕೆ ಶುರು ಮಾಡ್ತಾರೆ. ನಾನು ಹೇಳ್ತೀನಿ, "ಸುಣ್ಣ ಅಲ್ಲ ಕಣೋ, ನಮ್ಮ ಚರ್ಮದೊಳಗೆ ಬಣ್ಣ ಮಾಡೋ ಪುಟ್ಟ ಪುಟ್ಟ ಕಣಗಳಿರ್ತವೆ, ನಂಗೆ ಇಲ್ಲಿ, ಇಲ್ಲಿ, ಇಲ್ಲಿ ಅವು ಹೋಗ್ಬಿಟ್ಟಿವೆ, ಅದಕ್ಕೆ ಬಿಳಿ." "ನೋವಾಗತ್ತಾ ಮಿಸ್?" "ಇಲ್ಲ." "ಮಿಸ್, ಇವ್ನು ನನ್ನ ಪೆನ್ಸಿಲ್ ಕಿತ್ಕೊಂಡ." ಅಲ್ಲಿಗೆ ಮುಗೀತು, ಆಮೇಲೆ ವರ್ಷ ಪೂರ್ತಿ ಆ ಮಗು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಆಗಿದ್ದು ಹೋದ ವರ್ಷ ಬಸ್ಸಲ್ಲಿ. ತುಮಕೂರಿಂದ ಬೆಂಗಳೂರಿಗೆ ಬರ್ತಿದ್ದೆ, ಎದುರು ಸೀಟಲ್ಲಿ ಒಂದು ಮಗು, ನಾಲ್ಕು ವರ್ಷ ಇರಬಹುದು, ಹಿಂದಕ್ಕೆ ತಿರುಗಿ ನಿಂತ್ಕೊಂಡು ನನ್ನ ಕೈ ನೋಡಿ "ಅಮ್ಮಾ, ಆಂಟಿ ಕೈ ನೋಡು, ನಮ್ಮ ಗೌರಿ ಹಸು ಥರ ಇದೆ" ಅಂತು. ಆ ಮಗುವಿನ ಮುಖದಲ್ಲಿ ಖುಷಿ ಇತ್ತು, ಗೌರಿ ಅಂದ್ರೆ ಅದಕ್ಕೆ ಎಷ್ಟು ಪ್ರೀತಿ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ತಾಯಿ ತೊಡೆ ಚಿವುಟಿದ್ರು, ಮಗು ಕಿರುಚಿ ಅಳ್ತು, ಅವ್ರು ಅದನ್ನ ಎಳೆದು ಕೂರಿಸ್ಕೊಂಡು ನೆಲಮಂಗಲ ಬರೋವರೆಗೂ ನನ್ನ ಕಡೆ ತಿರುಗಿ ನೋಡ್ಲಿಲ್ಲ. ಆ ತಾಯಿ ಕೆಟ್ಟವ್ರಲ್ಲ, ನಂಗೆ ಬೇಜಾರಾಗತ್ತೆ ಅಂತ ಹೆದರಿ ಹಂಗೆ ಮಾಡಿದ್ದು. ಆದ್ರೆ ನಂಗೆ ಬೇಜಾರಾಗಿದ್ದು ಮಗು ಅಂದಿದ್ದಕ್ಕಲ್ಲ, ನನ್ನ ಕೈ ನೋಡಿದ್ದಕ್ಕೆ ಒಂದು ಮಗುಗೆ ಏಟು ಬಿತ್ತಲ್ಲ ಅಂತ. ಆ ಮಗು ಅವತ್ತು ಕಲಿತಿದ್ದೇನು? ಇಂಥ ಕೈ ಇರೋರನ್ನ ಕಂಡ್ರೆ ಏನೋ ಕೆಟ್ಟದಾಗತ್ತೆ ಅಂತ.

ಆ ತಾಯಿಗೆ ಅವತ್ತು ಹೇಳಬೇಕು ಅನ್ಸಿದ್ದನ್ನೆಲ್ಲ ಇಲ್ಲಿ ಬರೀತಿದೀನಿ.

ಆ ಕ್ಷಣದಲ್ಲಿ

ಮಗು ಜೋರಾಗಿ ಕೇಳ್ತು, ಎಲ್ಲರಿಗೂ ಕೇಳಿಸ್ತು. ನಿಮ್ಮ ಮುಖ ಬಿಸಿಯಾಗತ್ತೆ, ಅದು ಸಹಜ. ಮೊದಲನೇದಾಗಿ "ಶ್!" ಅನ್ಬೇಡಿ, ಬಾಯಿ ಮುಚ್ಚಬೇಡಿ, ಎತ್ಕೊಂಡು ಓಡಬೇಡಿ. ಮಗು ಯಾವ ದನಿಯಲ್ಲಿ ಕೇಳ್ತೋ ಹೆಚ್ಚು ಕಮ್ಮಿ ಅದೇ ದನಿಯಲ್ಲಿ, ಮಳೆ ಯಾಕೆ ಬರತ್ತೆ ಅಂತ ಕೇಳಿದಾಗ ಹೆಂಗೆ ಹೇಳ್ತೀರೋ ಹಂಗೆ, ಒಂದು ಸಾಲಲ್ಲಿ ಉತ್ತರ ಕೊಡಿ. "ಆ ಅಂಕಲ್‌ಗೆ ನಡೆಯೋಕೆ ಕಷ್ಟ ಆಗತ್ತೆ ಪುಟ್ಟ, ಅದಕ್ಕೆ ವೀಲ್‌ಚೇರಲ್ಲಿ ಹೋಗ್ತಾರೆ." "ಆ ಅಕ್ಕಂಗೆ ಕಿವಿ ಸರಿಯಾಗಿ ಕೇಳ್ಸಲ್ಲ, ಆ ಮೆಷಿನ್ ಶಬ್ದ ದೊಡ್ಡದು ಮಾಡತ್ತೆ." ಕಾರಣ ಗೊತ್ತಿಲ್ಲ ಅಂದ್ರೆ ಕಟ್ಟಿ ಹೇಳೋಕೆ ಹೋಗ್ಬೇಡಿ, "ನಂಗೂ ಗೊತ್ತಿಲ್ಲ ಕಂದ, ಕೆಲವ್ರು ಹುಟ್ಟೋವಾಗಲೇ ಹಂಗಿರ್ತಾರೆ, ಕೆಲವ್ರಿಗೆ ಆಮೇಲೆ ಆಗತ್ತೆ" ಅಂದ್ರೆ ಸಾಕು, ಅದು ನಿಜಾನೂ ಹೌದು.

ಆ ವ್ಯಕ್ತಿಗೆ ಕೇಳಿಸಿದೆ ಅಂತ ಗೊತ್ತಾದ್ರೆ ಅವ್ರ ಕಡೆ ನೋಡಿ ಒಂದು ನಗು, ಒಂದು ನಮಸ್ಕಾರ. "ಅಯ್ಯೋ ಸಾರಿ ಮೇಡಂ, ಚಿಕ್ಕದು, ಏನೂ ಗೊತ್ತಾಗಲ್ಲ, ಬೇಜಾರು ಮಾಡ್ಕೋಬೇಡಿ ಮೇಡಂ" ಅಂತ ಉದ್ದಕ್ಕೆ ಹೇಳ್ತಾ ಹೋದ್ರೆ ಏನಾಗತ್ತೆ ಅಂದ್ರೆ ನಾವೇ ನಿಮ್ಮನ್ನ ಸಮಾಧಾನ ಮಾಡ್ಬೇಕಾಗತ್ತೆ, "ಪರವಾಗಿಲ್ಲ ಬಿಡಿ" ಅಂತ ಹತ್ತು ಸಲ ಹೇಳಿ ಹೇಳಿ ಸಾಕಾಗತ್ತೆ.

ಇನ್ನು ಕೆಲವ್ರು ಬಹಳ ಒಳ್ಳೆ ಮನಸ್ಸಿಂದಾನೇ "ಹೋಗು, ಆಂಟಿನೇ ಕೇಳು" ಅಂತ ಮಗುನ ಕಳಿಸ್ಬಿಡ್ತಾರೆ. ದಯವಿಟ್ಟು ಹಂಗೆ ಕಳಿಸೋ ಮುಂಚೆ ಒಂದು ಸಲ ಯೋಚನೆ ಮಾಡಿ. ನನ್ನ ಕ್ಲಾಸಲ್ಲಿ ಎಷ್ಟು ಸಲ ಬೇಕಾದ್ರೂ ಉತ್ತರ ಹೇಳ್ತೀನಿ, ಅದು ನನ್ನ ಮಕ್ಕಳು. ಆದ್ರೆ ಮದುವೆ ಮನೇಲಿ ಪಂಕ್ತಿಗೆ ಕೂತು ಊಟ ಮಾಡ್ತಿರೋವಾಗ, ಅಥವಾ ಜ್ವರ ಬಂದು ಆಸ್ಪತ್ರೆಲಿ ಚೀಟಿ ಹಿಡ್ಕೊಂಡು ಕಾಯ್ತಿರೋವಾಗ ಪಾಠ ಮಾಡೋ ಮನಸ್ಸಿರಲ್ಲ. ಅವ್ರೇ ಮಗು ಜೊತೆ ಮಾತಿಗಿಳಿದ್ರೆ ಸರಿ, ಇಲ್ಲಾಂದ್ರೆ ಉತ್ತರ ಕೊಡೋದು ನಿಮ್ಮ ಕೆಲಸ.

ಬೆರಳು ತೋರ್ಸೋದು, ಕೇಳದೆ ಮುಟ್ಟೋದು ಬೇರೆ ವಿಷ್ಯ, ಅದನ್ನ ತಿದ್ದಬೇಕು, ಆದ್ರೆ ಉತ್ತರ ಕೊಟ್ಟಾದ್ಮೇಲೆ ತಿದ್ದಿ. ಮೊದಲು ಪ್ರಶ್ನೆಗೆ ಉತ್ತರ, ಆಮೇಲೆ "ಬೆರಳು ತೋರ್ಸಬಾರದು ಪುಟ್ಟ, ನಿಂಗೆ ಯಾರಾದ್ರೂ ತೋರ್ಸಿದ್ರೆ ಹೆಂಗನ್ಸತ್ತೆ" ಅಂತ. ಎರಡನ್ನೂ ಸೇರಿಸಿ ಬೈದ್ರೆ ತಾನು ಕೇಳಿದ್ದೇ ತಪ್ಪು ಅನ್ಕೊಳ್ಳತ್ತೆ. ಆರು ವರ್ಷ ಆದ್ಮೇಲೆ "ಇಂಥದ್ದು ಕೇಳ್ಬೇಕು ಅನ್ಸಿದ್ರೆ ಮನೆಗೆ ಬಂದು ಕೇಳು, ಖಂಡಿತ ಹೇಳ್ತೀನಿ" ಅಂತ ಒಪ್ಪಂದ ಮಾಡ್ಕೋಬಹುದು, ನಾನು ನೋಡಿರೋ ಹಂಗೆ ಆ ವಯಸ್ಸಿನವ್ರು ಅದನ್ನ ನಡೆಸ್ಕೊಡ್ತಾರೆ. ಮೂರು ವರ್ಷದ್ದಕ್ಕೆ ಅದು ಆಗಲ್ಲ. ಮತ್ತೆ ಮನೆಗೆ ಬಂದ್ಮೇಲೆ ನೀವು ಮರೀಬಾರದು, ಮಗು ಮರೆತ್ರೂ ನೀವೇ ನೆನಪಿಸಿ ಹೇಳಿ.

ಪ್ರಶ್ನೆ ಒಳಗೆ ಇನ್ನೊಂದು ಪ್ರಶ್ನೆ ಇರತ್ತೆ

ಮಗು "ಯಾಕೆ ಹಂಗಿದೆ" ಅಂತ ಕೇಳಿದ್ರೂ ಅದರ ಮನಸ್ಸಲ್ಲಿ ಇರೋದು ಬಹಳ ಸಲ "ನಂಗೂ ಹಂಗಾಗತ್ತಾ?" ಅನ್ನೋದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಾರಣ-ಪರಿಣಾಮ ಇನ್ನೂ ಸರಿಯಾಗಿ ಜೋಡಣೆ ಆಗಿರಲ್ಲ, ಪಕ್ಕದಲ್ಲಿ ಕೂತ್ರೆ ಬರತ್ತೆ, ಕೆಟ್ಟ ಮಾತಾಡಿದ್ರೆ ಬರತ್ತೆ, ತಾನು ಏನೋ ಅನ್ಕೊಂಡಿದ್ದಕ್ಕೇ ಆಗೋಯ್ತು ಅಂತೆಲ್ಲ ನಿಜವಾಗ್ಲೂ ನಂಬ್ತಾರೆ. ನನ್ನ ಕ್ಲಾಸಲ್ಲಿ ಒಬ್ಬಳು ಒಂದು ವಾರ ನನ್ನ ಕೈಯಿಂದ ಚಾಕ್‌ಪೀಸ್ ತಗೊಳ್ತಿರ್ಲಿಲ್ಲ, ಮೇಜಿನ ಮೇಲೆ ಇಟ್ರೆ ಮಾತ್ರ ತಗೊಳ್ತಿದ್ಳು. ಕೊನೆಗೆ ಅವ್ಳು ಕೇಳದಿದ್ರೂ ನಾನೇ ಹೇಳಿದೆ, "ಇದು ಮುಟ್ಟಿದ್ರೆ ಬರಲ್ಲ ಚಿನ್ನಿ, ನನ್ನ ತಮ್ಮ, ನನ್ನ ಮಗಳು ಎಲ್ಲರೂ ದಿನಾ ನನ್ನ ಕೈ ತುತ್ತು ತಿಂದಿದ್ದಾರೆ, ಯಾರಿಗೂ ಬಂದಿಲ್ಲ." ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಬಂದು ಪಕ್ಕದಲ್ಲೇ ಕೂತ್ಲು.

ಅದಕ್ಕೆ ಯಾವ ಉತ್ತರ ಕೊಟ್ರೂ ಮೂರು ವಿಷ್ಯ ಅದರಲ್ಲಿ ಬರೋ ಹಂಗೆ ನೋಡ್ಕೊಳ್ಳಿ: ಅವ್ರಿಗೆ ನೋವಿದೆಯೋ ಇಲ್ವೋ, ಮುಟ್ಟಿದ್ರೆ ಬರತ್ತೋ ಇಲ್ವೋ, ಅವ್ರು ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲ ಅಂತ.

ಇದಕ್ಕೆ ನಿಮಗೂ ಸ್ವಲ್ಪ ವಿಷ್ಯ ಗೊತ್ತಿರಬೇಕಾಗತ್ತೆ. ತೊನ್ನು ಅಂದ್ರೆ ಮೈಯ ರೋಗನಿರೋಧಕ ವ್ಯವಸ್ಥೆ ತನ್ನದೇ ಮೆಲನೊಸೈಟ್ ಅನ್ನೋ ಬಣ್ಣದ ಕಣಗಳನ್ನ ಶತ್ರು ಅನ್ಕೊಂಡು ನಾಶ ಮಾಡೋದು, ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇರತ್ತೆ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ, "ಬಿಳಿ ಕುಷ್ಠ" ಅನ್ನೋ ಮಾತೇ ತಪ್ಪು. (ಕುಷ್ಠಕ್ಕೂ ಈಗ ಪೂರ್ತಿ ವಾಸಿಯಾಗೋ ಮಾತ್ರೆ ಇದೆ, ಸರ್ಕಾರಿ ಆಸ್ಪತ್ರೆಲಿ ಪುಕ್ಕಟೆ ಸಿಗತ್ತೆ, ಅವ್ರನ್ನೂ ದೂರ ಇಡಬೇಕಾಗಿಲ್ಲ.)

ವಯಸ್ಸಾದವ್ರ ಒಂದು ಕಾಲು ಸಣ್ಣಗಿದ್ದು ಊರುಗೋಲು ಹಿಡ್ಕೊಂಡಿದ್ರೆ ಎಷ್ಟೋ ಸಲ ಅದು ಪೋಲಿಯೋ. ನಿಮಗೆ ಪರಿಚಯ ಇರೋ ತಾತನೋ ಮಾವನೋ ಆಗಿದ್ದು ಪೋಲಿಯೋ ಅಂತ ಗೊತ್ತಿದ್ರೆ ಮಗುಗೆ ಹೇಳೋಕೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ, ಯಾಕಂದ್ರೆ ಅದು ಮಗುವಿನ ಬಾಯಿಗೇ ಬಿದ್ದಿರೋ ವಿಷ್ಯ. "ನಿಂಗೆ ಭಾನುವಾರ ಎರಡು ಹನಿ ಹಾಕ್ಸಿ ಕಿರುಬೆರಳಿಗೆ ಇಂಕ್ ಹಚ್ಚಿದ್ರಲ್ಲ, ಮಾವ ಚಿಕ್ಕವ್ರಿದ್ದಾಗ ಅವ್ರಿಗೆ ಆ ಹನಿ ಸಿಕ್ಕಿರ್ಲಿಲ್ಲ." ನಮ್ಮ ದೇಶದಲ್ಲಿ ಕೊನೇ ಪೋಲಿಯೋ ಕೇಸು ಬಂದಿದ್ದು 2011ರ ಜನವರಿಲಿ, 2014ರ ಮಾರ್ಚಲ್ಲಿ ಪೋಲಿಯೋ ಮುಕ್ತ ಅಂತ ಘೋಷಣೆ ಆಯ್ತು. ಈಗಿನ ಮಕ್ಕಳು ತಮ್ಮ ವಯಸ್ಸಿನವ್ರಲ್ಲಿ ಅಂಥ ಕಾಲು ನೋಡೇ ಇಲ್ಲ, ಅದಕ್ಕೇ ಅವ್ರಿಗೆ ಅಷ್ಟು ಆಶ್ಚರ್ಯ.

ಕುಳ್ಳಗಿರೋರನ್ನ ಕಂಡ್ರೆ ಮಕ್ಕಳು ಕೇಳೋದು "ಅವ್ರು ದೊಡ್ಡೋರಾ, ಚಿಕ್ಕೋರಾ?" ಅಂತ, ನಿಜವಾಗ್ಲೂ ಗೊಂದಲ ಅದು, ಮುಖ ನೋಡಿದ್ರೆ ಅಂಕಲ್, ಎತ್ತರ ನೋಡಿದ್ರೆ ತನ್ನಷ್ಟೇ. "ದೊಡ್ಡೋರೇ, ಕೆಲಸಕ್ಕೆ ಹೋಗ್ತಾರೆ, ಅವ್ರ ಮೂಳೆ ಉದ್ದ ಬೆಳೀಲಿಲ್ಲ ಅಷ್ಟೇ, ಅಂಕಲ್ ಅಂತಾನೇ ಕರೀಬೇಕು." ಹುಟ್ಟಿನಿಂದ ಜೀನಲ್ಲಾಗೋ ಒಂದು ಸಣ್ಣ ಬದಲಾವಣೆ ಅದು, ಹೆಚ್ಚಿನವ್ರ ಅಪ್ಪ ಅಮ್ಮ ಮಾಮೂಲಿ ಎತ್ತರದವ್ರೇ ಆಗಿರ್ತಾರೆ. ಇವರನ್ನ ಟೀವಿಯ ಕಾಮಿಡಿಲಿ ಮಾತ್ರ ನೋಡಿರೋ ಮಗು ಬೀದೀಲಿ ಕಂಡ್ರೂ ನಗತ್ತೆ. ಟೀವಿ ಮುಂದೆ ಜೊತೆಗೆ ಕೂತು ನಾವು ನಗೋದನ್ನ ನಿಲ್ಲಿಸಿದ್ರೆ ಅರ್ಧ ಕೆಲಸ ಅಲ್ಲೇ ಆಗತ್ತೆ.

ಮಕ್ಕಳಿಗೆ ಕಾರಣಕ್ಕಿಂತ "ಹೆಂಗೆ" ಅನ್ನೋದು ಜಾಸ್ತಿ ಇಷ್ಟ. ಕಣ್ಣು ಕಾಣದವ್ರು ದುಡ್ಡು ಹೆಂಗೆ ಎಣಿಸ್ತಾರೆ ಅಂತ ಕೇಳಿದ್ರೆ ಒಂದು ಹೊಸಾ 500ರ ನೋಟು ಕೈಗೆ ಕೊಡಿ, ಎರಡೂ ಅಂಚಲ್ಲಿ ಉಬ್ಬಿರೋ ಐದೈದು ಗೆರೆ ಇದೆ, 100ರ ನೋಟಲ್ಲಿ ನಾಲ್ಕು. ಕಣ್ಣು ಮುಚ್ಕೊಂಡು ಬೆರಳಲ್ಲಿ ಹುಡುಕು ಅನ್ನಿ. ನನ್ನ ಕ್ಲಾಸಲ್ಲಿ ಇದನ್ನ ಮಾಡ್ಸಿದ ದಿನ ಮಕ್ಕಳು ಮನೆಗೆ ಹೋಗಿ ಅಪ್ಪಂದಿರ ಪರ್ಸೆಲ್ಲ ಖಾಲಿ ಮಾಡಿ ಸವರಿ ನೋಡಿದ್ರಂತೆ. ಹಂಗೇ ಜೈಪುರ ಕಾಲು ಅನ್ನೋ ಕೃತಕ ಕಾಲಿನ ಕಥೆ, 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಅನ್ನೋ ಕುಶಲಕರ್ಮಿ, ಡಾಕ್ಟರ್ ಪಿ.ಕೆ. ಸೇಠಿ ಜೊತೆ ಸೇರಿ ರಬ್ಬರಲ್ಲಿ ಮಾಡಿದ್ದು, ಅದನ್ನ ಹಾಕ್ಕೊಂಡು ನಮ್ಮ ಥರ ನೆಲದ ಮೇಲೆ ಚಕ್ಕಳಮಕ್ಕಳ ಕೂರಬಹುದು, ಬರಿಗಾಲಲ್ಲಿ ಗದ್ದೆಗಿಳೀಬಹುದು. ಇದನ್ನ ಹೇಳಿದ್ರೆ ಮಗುವಿನ ಕಣ್ಣಲ್ಲಿ ಅಯ್ಯೋ ಪಾಪ ಅನ್ನೋದು ಹೋಗಿ ಹೌದಾ ಅನ್ನೋದು ಬರತ್ತೆ.

ಮನೇಲಿ ಹಿರಿಯರು ಹೇಳೋ ಮಾತು

ಇಲ್ಲೇ ನಂಗೆ ತುಂಬ ಹೇಳೋಕಿರೋದು, ಯಾಕಂದ್ರೆ ಮಗು ಪ್ರಶ್ನೆ ಕೇಳಿದಾಗ ಮೊದಲು ಉತ್ತರ ಕೊಡೋದು ಎಷ್ಟೋ ಸಲ ಅಜ್ಜಿ. "ಹಿಂದಿನ ಜನ್ಮದ ಪಾಪ." "ಸುಳ್ಳು ಹೇಳಿದ್ರೆ ದೇವ್ರು ಹಿಂಗೆ ಮಾಡ್ತಾನೆ." "ಮೀನು ತಿಂದು ಹಾಲು ಕುಡಿದ್ರೆ ತೊನ್ನು ಬರತ್ತೆ." "ಅವ್ರಮ್ಮ ಬಸುರಿಲಿ ಗ್ರಹಣ ನೋಡಿದ್ಳು, ಅದಕ್ಕೆ ತುಟಿ ಸೀಳಿದೆ." ನಂಗೆ ಮೊದಲ ಮಚ್ಚೆ ಬಂದಾಗ ನಮ್ಮಮ್ಮ ವರ್ಷಗಟ್ಟಲೆ ತನ್ನನ್ನೇ ಬೈಕೊಂಡ್ಳು, ಯಾವತ್ತೋ ಮೀನು ಸಾರು ಊಟ ಆದ್ಮೇಲೆ ಹಾಲು ಕೊಟ್ಟಿದ್ದೆ ಅಂತ. ಮೀನಿಗೂ ಹಾಲಿಗೂ ತೊನ್ನಿಗೂ ಏನೂ ಸಂಬಂಧ ಇಲ್ಲ. ಸೀಳುತುಟಿ ಗ್ರಹಣದಿಂದ ಬರಲ್ಲ, ಹೊಟ್ಟೇಲಿ ಮಗುವಿನ ಮುಖ ರೂಪ ತಗೊಳ್ಳೋದು ಮೊದಲ ಎರಡು ತಿಂಗಳಲ್ಲಿ, ಎರಡೂ ಕಡೆಯಿಂದ ಬೆಳೆದು ಮಧ್ಯದಲ್ಲಿ ಕೂಡ್ಕೋಬೇಕು, ಆ ಕೂಡಿಕೆ ಪೂರ್ತಿ ಆಗದಿದ್ರೆ ತುಟಿ ಸೀಳಾಗಿ ಉಳಿಯತ್ತೆ, ಆಪರೇಷನ್ ಮಾಡಿ ಸರಿ ಮಾಡ್ತಾರೆ. ಗ್ರಹಣದ ದಿನ ಬಾಗಿಲು ಹಾಕ್ಕೊಂಡು ಮಲಗಿದ್ದ ತಾಯಿಗೂ ಇಂಥ ಮಗು ಹುಟ್ಟಬಹುದು.

ಅಜ್ಜಿ ಎದುರೇ ಅಜ್ಜಿದು ಸುಳ್ಳು ಅಂದ್ರೆ ಮನೇಲಿ ಜಗಳ ಆಗತ್ತೆ, ಗೊತ್ತು. ನಾನು ಮಾಡಿದ್ದು ಹೇಳ್ತೀನಿ. ನಮ್ಮತ್ತೆ ನನ್ನ ಮಗಳಿಗೆ "ಅನ್ನ ಬಿಟ್ರೆ ಆ ಕುಂಟ ತಾತನ ಥರ ಆಗ್ತೀಯ" ಅಂದ್ರು. ಆಗ ಏನೂ ಅನ್ಲಿಲ್ಲ. ರಾತ್ರಿ ಪಾತ್ರೆ ತೊಳೀತಾ ಮೆಲ್ಲಗೆ ಹೇಳಿದೆ, "ಅತ್ತೆ, ಅವ್ಳು ಶಾಲೇಲಿ ಯಾರಾದ್ರೂ 'ನಿಮ್ಮಮ್ಮ ಏನು ಪಾಪ ಮಾಡಿದ್ಳು, ಕೈ ಹಂಗಾಗಿದೆ' ಅಂತ ಕೇಳಿದ್ರೆ ಏನು ಉತ್ತರ ಕೊಡ್ಬೇಕು?" ಅಂತ. ಅತ್ತೆ ಏನೂ ಮಾತಾಡ್ಲಿಲ್ಲ, ಆದ್ರೆ ಆ ಮಾತು ಮತ್ತೆ ಆಡ್ಲೂ ಇಲ್ಲ. ಮಗು ಹತ್ರ ಬೇರೆಯಾಗಿ ಹೇಳಿ, "ಹಿಂದಿನ ಕಾಲದಲ್ಲಿ ಕಾರಣ ಗೊತ್ತಿರ್ಲಿಲ್ಲ, ಅದಕ್ಕೆ ಹಂಗೆ ಅನ್ಕೊಂಡಿದ್ರು, ಈಗ ಡಾಕ್ಟರ್‌ಗಳಿಗೆ ಗೊತ್ತಾಗಿದೆ." ಅಜ್ಜಿ ಮರ್ಯಾದೆನೂ ಉಳಿಯತ್ತೆ.

ಹೆಸರುಗಳು

ಕುಂಟ, ಕುರುಡಿ, ಮೂಗ, ಕಿವುಡ, ಕುಳ್ಳ, ಮೆಳ್ಳೆಗಣ್ಣ, ಸೋಡಾಬುಡ್ಡಿ, ಡುಮ್ಮಿ, ಕರಿಯ. ನಮ್ಮ ಭಾಷೇಲಿ ಇವು ಅಡ್ಡಹೆಸರೇ ಆಗ್ಬಿಟ್ಟಿವೆ, ಮನೇಲಿ ಪ್ರೀತಿಯಿಂದಾನೇ ಕರೀತಾರೆ, ಗಾದೇಲೂ ಇವೆ. ಮಗು ಅದನ್ನೇ ಕಲ್ತು ಬೀದೀಲಿ ಆಡತ್ತೆ, ಬೈದ್ರೆ ಅದಕ್ಕೆ ಅರ್ಥ ಆಗಲ್ಲ. ಸರ್ಕಾರದ ಪದ ಬದಲಾಗ್ತಾನೇ ಇದೆ, ಅಂಗವಿಕಲ ಅಂತಿದ್ದಿದ್ದು ವಿಕಲಚೇತನ ಆಯ್ತು, ಪೇಪರಲ್ಲಿ ವಿಶೇಷಚೇತನ, ದಿವ್ಯಾಂಗ ಅಂತ ಬರತ್ತೆ. ಐದು ವರ್ಷದ ಮಗುಗೆ ಇವ್ಯಾವೂ ಬೇಡ ಅನ್ನೋದು ನನ್ನ ಅಭಿಪ್ರಾಯ. "ಕಣ್ಣು ಕಾಣದ ಅಂಕಲ್" "ಕಿವಿ ಕೇಳದ ಅಕ್ಕ" ಸಾಕು, ಅದಕ್ಕಿಂತ ಒಳ್ಳೇದು ಅವ್ರ ಹೆಸರು ಗೊತ್ತಿದ್ರೆ ಹೆಸರು. "ಪಾಪ" ಅನ್ನೋ ಪದ ಮಾತ್ರ ಬಿಟ್ಬಿಡಿ. ನನ್ನ ಕೈ ನೋಡಿ "ಪಾಪ" ಅಂದ ಪ್ರತಿಯೊಬ್ರೂ ನಂಗೆ ನೆನಪಿದ್ದಾರೆ.

ಬಣ್ಣದ ಪ್ರಶ್ನೆ ಬಗ್ಗೆ ಒಂದು ಮಾತು. "ಅವ್ನು ಯಾಕಷ್ಟು ಕಪ್ಪು?" ಅಂದ್ರೆ "ಕಪ್ಪಾದ್ರೂ ಲಕ್ಷಣವಾಗಿದ್ದಾನೆ" ಅನ್ನೋ ಉತ್ತರ ಕೊಡ್ಬೇಡಿ, ಆ "ಆದ್ರೂ" ಒಳಗೇ ಎಲ್ಲ ಇದೆ. ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ಜಾಸ್ತಿ ಇದ್ರೆ ಕಪ್ಪು, ಕಮ್ಮಿ ಇದ್ರೆ ಬಿಳುಪು, ಅದು ಬಿಸಿಲಿಂದ ಮೈ ಕಾಯತ್ತೆ, ನಂಗೆ ಆ ಬಣ್ಣ ಇಲ್ಲದ ಕಡೆ ಬಿಸಿಲಿಗೆ ಬೇಗ ಉರಿ ಬರತ್ತೆ ಅಂತ ನನ್ನ ಮಕ್ಕಳಿಗೆ ತೋರಿಸ್ತೀನಿ. ಯಲ್ಲಾಪುರ, ಹಳಿಯಾಳದ ಕಡೆ ಟೂರು ಹೋದಾಗ ಸಿದ್ದಿ ಜನರನ್ನ ನೋಡಿ ಮಗು "ಇವ್ರು ಯಾವ ದೇಶದವ್ರು?" ಅಂತ ಕೇಳಿದ್ರೆ "ಇದೇ ಊರಿನವ್ರು" ಅಂತ ಮೊದಲು ಹೇಳಿ, ಆಮೇಲೆ ಅವ್ರ ಹಿರಿಯರನ್ನ ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಲ್ಲಿ ಕರ್ಕೊಂಡು ಬಂದಿದ್ರು ಅಂತ ಹೇಳಬಹುದು. ಅವ್ರು ಕನ್ನಡ, ಕೊಂಕಣಿ ಮಾತಾಡೋದು ಕೇಳಿಸ್ಕೊಂಡ ಮಗುಗೆ ಇನ್ನೇನೂ ವಿವರಣೆ ಬೇಕಾಗಲ್ಲ.

ಕೇಳೋದು ಬೇರೆ, ಅಣಕಿಸೋದು ಬೇರೆ

ಮಗು ಕುಂಟೋದನ್ನ ಅನುಕರಣೆ ಮಾಡಿದ್ರೆ ಗಾಬರಿ ಆಗ್ಬೇಡಿ, ಮೂರು ನಾಲ್ಕು ವರ್ಷದವ್ರು ಎಲ್ಲವನ್ನೂ ಮೈಯಲ್ಲಿ ಮಾಡಿ ನೋಡಿಯೇ ಅರ್ಥ ಮಾಡ್ಕೊಳ್ಳೋದು, ಬೆಕ್ಕು ನಡೆಯೋದನ್ನೂ ಮಾಡ್ತಾರೆ. "ಹಂಗೆ ನಡೆಯೋದು ಕಷ್ಟ ಅಲ್ವಾ? ಆದ್ರೆ ಅವ್ರ ಎದುರು ಮಾಡಿದ್ರೆ ಅವ್ರಿಗೆ ಬೇಜಾರಾಗತ್ತೆ" ಅಂದ್ರೆ ಸಾಕು. ಇನ್ನೊಬ್ರನ್ನ ನಗಿಸೋಕೆ, ಗುಂಪು ಕಟ್ಕೊಂಡು ಮಾಡಿದ್ರೆ ಅದು ಬೇರೆ, ಅಲ್ಲಿ ಗಟ್ಟಿಯಾಗಿ ನಿಲ್ಲಿಸ್ಬೇಕು. "ಮಕ್ಕಳು ಬಿಡಿ" ಅಂತ ದಾಟಿ ಹೋಗ್ಬಾರದು.

ಸಾಧಕರ ಕಥೆ ಹೇಳಿ, ಖಂಡಿತ ಹೇಳಿ. ಪೋಲಿಯೋ ಆಗಿದ್ರೂ ವೀಲ್‌ಚೇರಲ್ಲಿ ಓಡಿ ಪದಕ ಗೆದ್ದು 2001ರಲ್ಲಿ ಪದ್ಮಶ್ರೀ ತಗೊಂಡ ಬೆಂಗಳೂರಿನ ಮಾಲತಿ ಹೊಳ್ಳ, 2012ರ ಲಂಡನ್ ಪ್ಯಾರಾಲಿಂಪಿಕ್ಸಲ್ಲಿ ಹೈಜಂಪ್‌ಗೆ ಬೆಳ್ಳಿ ತಂದ ಹಾಸನದ ಎಚ್.ಎನ್. ಗಿರೀಶ. ಆದ್ರೆ ಬರೀ ಅದನ್ನೇ ಹೇಳಿದ್ರೆ ಪದಕ ಗೆದ್ರೆ ಮಾತ್ರ ಗೌರವ ಅಂತ ಮಗು ಅನ್ಕೊಳ್ಳತ್ತೆ. ಪಕ್ಕಕ್ಕೆ ಎಕ್ಸ್‌ಟ್ರಾ ಚಕ್ರ ಇರೋ ಸ್ಕೂಟಿಲಿ ದಿನಾ ಬಂದು ಜೆರಾಕ್ಸ್ ಅಂಗಡಿ ತೆಗೆಯೋರನ್ನ ಹೆಸರು ಹಿಡಿದು ಮಾತಾಡ್ಸಿ, ಮಗು ಅಲ್ಲಿಂದಾನೇ ಹೆಚ್ಚು ಕಲಿಯತ್ತೆ.

ಇನ್ನು ಎಲ್ಲರೂ ನೋಡೋದು ನಿಮ್ಮ ಮಗುನೇ ಆಗಿದ್ರೆ, ಅದರ ಕಿವಿ ಮೆಷಿನ್‌ಗೋ ಮುಖದ ಮಚ್ಚೆಗೋ ಒಂದು ಸಿದ್ಧ ಉತ್ತರ ಮನೇಲೇ ಅಭ್ಯಾಸ ಮಾಡ್ಸಿ, ಚಿಕ್ಕದಿರಲಿ. "ಇದು ನನ್ನ ಕಿವಿ ಮೆಷಿನ್, ಆಟ ಆಡೋಣ ಬಾ." ಜೊತೆಗೆ "ಹೇಳೋಕೆ ಇಷ್ಟ ಇಲ್ಲ" ಅನ್ನೋದನ್ನೂ ಕಲಿಸಿ, ಅದೂ ಉತ್ತರವೇ.

ಇದನ್ನ ಓದೋವಾಗ ಹೋದ ತಿಂಗಳು ನೀವು ಮಗುನ ಚಿವುಟಿದ್ದೋ, ಬಾಯಿ ಮುಚ್ಚಿಸಿದ್ದೋ ನೆನಪಾದ್ರೆ ಇವತ್ತು ರಾತ್ರಿ ಮಲಗಿಸೋವಾಗ ಅದನ್ನ ಎತ್ತಿ. "ಅವತ್ತು ಬಸ್ಸಲ್ಲಿ ಆಂಟಿ ಕೈ ಬಗ್ಗೆ ಕೇಳ್ದೆ ಅಲ್ವಾ, ನಾನು ಗಾಬರಿಯಾಗಿ ಬೈದ್ಬಿಟ್ಟೆ. ನೀನು ಕೇಳಿದ್ದರಲ್ಲಿ ತಪ್ಪಿರ್ಲಿಲ್ಲ. ಅದಕ್ಕೆ ತೊನ್ನು ಅಂತಾರೆ." ಮಕ್ಕಳು ಇಂಥದ್ದನ್ನ ಮರೆತಿರಲ್ಲ, ಬಹುಶಃ ತಕ್ಷಣ ಎದ್ದು ಕೂತು ಇನ್ನೂ ಹತ್ತು ಪ್ರಶ್ನೆ ಕೇಳ್ತಾರೆ, ಆಗ ಲೈಟ್ ಆಫ್ ಮಾಡೋದು ಹತ್ತು ನಿಮಿಷ ತಡ ಆಗ್ಲಿ.